ಗೀರುವವಳು ಮತ್ತು ಬೀಳಿಸುವವನು

"ನಿಲ್ಲಿ! ಇನ್ನೊಂದು ಹೆಜ್ಜೆ ಮುಂದಿಟ್ಟರೆ ಚೆನ್ನಾಗಿರಲ್ಲ!"

ಅವನು ನಿಂತ. ನಿಂತ ಅನ್ನುವುದಕ್ಕಿಂತ, ಒಂದು ಕಾಲನ್ನು ಗಾಳಿಯಲ್ಲಿ ತೂಗುಬಿಟ್ಟುಕೊಂಡ ಅನ್ನಬೇಕು. ಎರಡೂ ಕೈಯಲ್ಲಿ ಹಿಡಿದ ತಟ್ಟೆ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ ಕೈಗಡಿಯಾರದ ಗಾಜುಗಳು, ಹಣೆಯ ಮೇಲೆ ಬೆವರು.

"ಕೆಳಗೆ ನೋಡಿ. ಹಳದಿ ಗೆರೆ ಕಾಣಿಸ್ತಿದೆಯಾ?"

"ಕಾಣಿಸ್ತಿದೆ…"

"ನಿಮ್ಮ ಬೂಟು?"

"ಅದೂ ಕಾಣಿಸ್ತಿದೆ."

"ಬೂಟಿನ ಅಡೀಲಿರೋ ಮರಳು ಮಾತ್ರ ಕಾಣಿಸಲ್ಲ, ಅದೇ ತೊಂದರೆ! ಬೀದಿ ಮರಳು ಒಂದು ಕಾಳು ನನ್ನ ಮೇಜಿನ ಮೇಲೆ ಬಂದರೆ ಬೆಳಗ್ಗಿಂದ ಮಾಡಿದ್ದೆಲ್ಲ ನೀರುಪಾಲು. ಬೂಟು ಬಿಚ್ಚಿ ಬನ್ನಿ. ಇಲ್ಲಾಂದ್ರೆ ಅಲ್ಲಿಂದಲೇ ಮಾತಾಡಿ."

ಅವನು ವಿಧೇಯನಾಗಿ ಬಗ್ಗಿದ. ತಟ್ಟೆ ವಾಲಿತು. ಗಾಜುಗಳು ಸರಸರನೆ ಅಂಚಿಗೆ ಜಾರಿದವು.

"ಅಯ್ಯಯ್ಯೋ!"

ಅವಳು ಗೆರೆ ದಾಟಿ ಓಡಿ ಬಂದು ತಟ್ಟೆಗೆ ಕೈ ಕೊಟ್ಟಳು. ಅವಳ ಬೆರಳು ಅವನ ಬೆರಳಿನ ಮೇಲೆ ಕೂತಿತು. ಕೊನೆಯ ಗಾಜನ್ನು ಅವನು ಗಲ್ಲದಲ್ಲಿ ಒತ್ತಿ ಹಿಡಿದಿದ್ದ! ಅದೇ ಭಂಗಿಯಲ್ಲಿ, ತಲೆ ಎತ್ತಲಾರದೆ, ಕಣ್ಣು ಮಾತ್ರ ಮೇಲೆತ್ತಿ ಹೇಳಿದ:

"ಹೆದರಬೇಡಿ. ನಾನು ಬೀಳಿಸಬೇಕು ಅಂದುಕೊಂಡರೆ ಮಾತ್ರ ಬೀಳೋದು."

ಅವಳಿಗೆ ನಗು ಬಂತು. ನುಂಗಿಕೊಂಡಳು. ಮೊದಲ ದಿನವೇ ಹಲ್ಲು ಬಿಟ್ಟರೆ ಮುಂದೆ ಮಾತು ಕೇಳುವವರು ಯಾರು?

ಅದೊಂದು ಪರೀಕ್ಷಾಲಯ. ಜನ ಕೊಳ್ಳುವ ವಸ್ತುಗಳನ್ನು ಜನರಿಗಿಂತ ಮೊದಲು ಕೆಡಿಸಿ ನೋಡುವುದೇ ಅಲ್ಲಿಯ ಕಸುಬು. ಕುರ್ಚಿಯ ಮೇಲೆ ಸಾವಿರ ಸಲ ಭಾರ ಕೂರಿಸುವವರು ಒಬ್ಬರು, ಛತ್ರಿಯನ್ನು ಸಾವಿರ ಸಲ ಬಿಚ್ಚಿ ಮಡಚುವವರು ಇನ್ನೊಬ್ಬರು. ಅವಳದು ಗೀರುವ ಮೇಜು. ಅಳೆದ ಭಾರದಡಿಯಲ್ಲಿ ಮರಳು, ಮೊಳೆ, ಕೀಲಿಕೈ ಎಲ್ಲದರಿಂದಲೂ ಗಾಜನ್ನು ಗೀರಿ, ಭೂತಗನ್ನಡಿಯಲ್ಲಿ ಗೀರುಗಳನ್ನು ಎಣಿಸುವುದು. ಒಂಬತ್ತು ವರ್ಷದಿಂದ ಇದೇ ಕೆಲಸ. ಕಟ್ಟಡದಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಗೀರಕ್ಕ' ಎಂದೇ.

ಅವನು ಬೀಳಿಸುವ ಮೇಜಿಗೆ ಬಂದವನು. ಬೇರೆ ಊರಿನ ಶಾಖೆಯಿಂದ, ಮೂರು ತಿಂಗಳ ಮಟ್ಟಿಗೆ. ಉಗ್ರಾಣದಿಂದ ಅವಳ ಪಾಲಿನ ಗಾಜುಗಳನ್ನು ತಲುಪಿಸಲು ಬಂದಿದ್ದ.

"ಅದು… ಏನಂದ್ರೆ…" ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಿಂತು ಅವನು ಶುರು ಮಾಡಿದ. "ಈ ತಟ್ಟೇಲಿ ಮೂರನೇ ತುಂಡು ಇದೆಯಲ್ಲ, ಅದು ನನಗೆ ಸ್ವಲ್ಪ…"

"ಶ್! ಒಂದಕ್ಷರ ಹೇಳಬೇಡಿ!"

"ಯಾಕೆ?"

"ನಿಮ್ಮ ಶಾಖೇಲಿ ಈ ನಿಯಮ ಇಲ್ವಾ? ಪರೀಕ್ಷೆ ಮುಗಿದು ಇಬ್ಬರ ಸಹಿ ಬೀಳೋವರೆಗೂ ಒಂದು ಮೇಜಿನವರು ಇನ್ನೊಂದು ಮೇಜಿನವರ ಜೊತೆ ತುಂಡುಗಳ ವಿಷಯ ಎತ್ತೋ ಹಾಗಿಲ್ಲ. 'ಇದು ಗಟ್ಟಿ' ಅಂತ ನೀವಂದರೆ ನನ್ನ ಕಣ್ಣಿಗೂ ಗಟ್ಟಿಯಾಗೇ ಕಾಣುತ್ತೆ. ಏನೇ ಇದ್ದರೂ ದಾಖಲೆ ಪುಸ್ತಕದಲ್ಲಿ ಬರೀರಿ, ಮೇಡಂ ಓದ್ತಾರೆ. ನನಗೆ ಹೇಳಬೇಡಿ. ಸತ್ತರೂ ಹೇಳಬೇಡಿ!"

"ಸತ್ತ ಮೇಲೆ ಹೇಗೆ ಹೇಳೋದು?" ಎಂದು ಅವನು ಗಂಭೀರವಾಗಿಯೇ ಕೇಳಿದ.

ಈ ಸಲ ನಗು ನುಂಗಲಾಗಲಿಲ್ಲ.

*

ಪರೀಕ್ಷೆ ಇಷ್ಟೇ. ಕೈಗಡಿಯಾರ ಮಾಡುವ ಒಂದು ಕಂಪನಿಗೆ ತಮ್ಮ ಹೊಸ ಗಡಿಯಾರದ ಮುಖಕ್ಕೆ ಯಾವುದನ್ನು ಕೂರಿಸಬೇಕೆಂದು ತಿಳಿಯಬೇಕಿತ್ತು. ಒಂದು, ಕುಲುಮೆಯಲ್ಲಿ ಬೆಳೆಸಿದ ನೀಲಮಣಿಯ ಹರಳು. ಹೆಸರಿನಲ್ಲಷ್ಟೇ ನೀಲಿ, ನೋಡಲು ನೀರಿನಷ್ಟು ತಿಳಿ. ಇನ್ನೊಂದು, ಕರಗಿಸಿದ ಉಪ್ಪಿನಲ್ಲಿ ಅದ್ದಿ ಗಟ್ಟಿ ಮಾಡಿದ ಗಾಜು. ಪರೀಕ್ಷಾಲಯದ ಭಾಷೆಯಲ್ಲಿ ಬರೀ 'ಹರಳು' ಮತ್ತು 'ಗಾಜು'.

ಸಾಮಾನ್ಯವಾಗಿ ಎರಡು ಮೇಜಿಗೂ ಬೇರೆ ಬೇರೆ ತುಂಡುಗಳು ಬರುತ್ತವೆ. ಈ ಸಲ ಕಂಪನಿ ಕಳಿಸಿದ್ದು ಅರ್ಧದಷ್ಟು ಮಾತ್ರ. ಹಾಗಾಗಿ ಮೊದಲು ಅವಳು ಗೀರಿ, ಅವೇ ತುಂಡುಗಳನ್ನು ಅವನ ಮೇಜಿಗೆ ಕಳಿಸಬೇಕಿತ್ತು. ಸೊಂಟದೆತ್ತರ, ಎದೆಯೆತ್ತರ, ತಲೆಯೆತ್ತರ. ಮೂರು ಎತ್ತರದಿಂದ ಕಲ್ಲುಹಾಸಿನ ಮೇಲೆ ಬೀಳಿಸುವುದು ಅವನ ಕೆಲಸ.

ತುಂಡುಗಳ ಬಗ್ಗೆ ಮಾತಾಡಬಾರದು, ಸರಿ. ಆದರೆ ಜಗತ್ತಿನಲ್ಲಿ ಬೇರೆ ವಿಷಯಕ್ಕೇನು ಬರವೇ?

ಊಟದ ಕೋಣೆಯ ಕಿಟಕಿ ಪಕ್ಕದ ಬೆಂಚಿನಲ್ಲಿ ಇಬ್ಬರ ಡಬ್ಬಿಗಳು ಎದುರುಬದುರು ತೆರೆಯತೊಡಗಿದವು. ಅವನದು ನಿಧಾನದ ಮಾತು. ಒಂದು ವಾಕ್ಯ ಮುಗಿಸುವುದರಲ್ಲಿ ಚಹಾ ಆರುತ್ತಿತ್ತು. ಅವಳಿಗೋ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು! ಅವನ ವಾಕ್ಯಗಳನ್ನೆಲ್ಲ ತಾನೇ ಮುಗಿಸುತ್ತಿದ್ದಳು, ಹತ್ತರಲ್ಲಿ ಒಂಬತ್ತು ಸಲ ತಪ್ಪಾಗಿ.

"ನಿನ್ನೆ ಬಸ್ಸಲ್ಲಿ ಒಬ್ಬರು ಅಜ್ಜಿ…"

"ನಿಮ್ಮ ಕಾಲು ತುಳಿದರು!"

"ಇಲ್ಲ, ನನ್ನನ್ನ ನೋಡಿ…"

"ಸೀಟು ಬಿಡು ಅಂದರು!"

"ಇಲ್ಲ ಇವರೇ… 'ಮಗಾ, ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡಿದ್ದೀಯಲ್ಲಪ್ಪ' ಅಂದರು."

ಅವಳು ಅವನ ಅಂಗಿ ನೋಡಿದಳು. "ಈಗಲೂ ತಪ್ಪೇ ಇದೆಯಲ್ರೀ!"

"ನಿನ್ನೆದು ಸರಿ ಮಾಡ್ಕೊಂಡೆ. ಇದು ಇವತ್ತಿಂದು."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವನು ಹೊಟ್ಟೆಯ ಮೇಲಿನ ಗುಂಡಿಯನ್ನು ಹುಡುಕುತ್ತಾ ತಾನೂ ನಕ್ಕ. ಎಷ್ಟು ದಿನವಾಗಿತ್ತು ಹೀಗೆ ನಕ್ಕು! 'ಎಚ್ಚರ ಕಣೇ' ಎಂದಿತು ಅವಳೊಳಗಿನ ಇನ್ನೊಬ್ಬಳು. ನಾಲ್ಕು ವರ್ಷದ ಹಿಂದೆ ನಿಶ್ಚಯವಾಗಿದ್ದ ಹುಡುಗನೂ ಹೀಗೇ ಎದುರಿಗೆ ನಗುತ್ತಿದ್ದ. ಒಂದು ದಿನ ಅವನ ಚಿಕ್ಕಪ್ಪನ ಕೈಯಲ್ಲಿ 'ಬೇಡ' ಎಂದು ಹೇಳಿ ಕಳಿಸಿದ. ಅದಕ್ಕೂ ಹಿಂದಿನ ಸಂಜೆ ಅವಳ ಜೊತೆ ಕೂತು ಹಣ್ಣು ತಿಂದು ಹೋಗಿದ್ದ!

ಬೇಡ ಅಂದದ್ದಕ್ಕೆ ಅವಳು ಅಷ್ಟಾಗಿ ಅತ್ತಿರಲಿಲ್ಲ. ಆ ಹಣ್ಣಿಗಾಗಿ ಅತ್ತಿದ್ದಳು.

*

ಮನೆಯಲ್ಲಿ ಅವಳು ಮತ್ತು ಅಮ್ಮ. ಮೂರನೇ ಮಹಡಿಯ ಎರಡು ಕೋಣೆ. ಅಮ್ಮ ಮೂವತ್ತು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಘೋಷಣೆ ಮಾಡಿ ನಿವೃತ್ತಳಾದವಳು. ಮೈಕು ಹೋದರೂ ಗಂಟಲು ಹೋಗಿರಲಿಲ್ಲ.

"ದಯವಿಟ್ಟು ಗಮನಿಸಿ! ಆರು ಗಂಟೆಗೆ ಬರಬೇಕಾಗಿದ್ದ ಮಗಳು ನಲವತ್ತು ನಿಮಿಷ ತಡವಾಗಿ, ನಗುಮುಖದೊಂದಿಗೆ ಆಗಮಿಸುತ್ತಿದ್ದಾಳೆ!"

"ಅಮ್ಮಾ, ಮೆಟ್ಟಿಲ ತುಂಬಾ ಕೇಳಿಸುತ್ತೆ!"

"ಕೇಳಿಸಲಿ ಬಿಡು. ಯಾರ ಜೊತೆ ನಿಂತು ಮಾತಾಡ್ತಿದ್ದೆ?"

"ಬೀಳಿಸೋ ಮೇಜಿನವರು. ಸುಮ್ಮನೆ…"

"ಅವನು ನಿನ್ನನ್ನ ಏನಂತ ಕರೀತಾನೆ?"

"ಏನಂತನೂ ಇಲ್ಲ. 'ಇವರೇ' ಅಂತಾರೆ."

ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಇಡೀ ಕಟ್ಟಡ ನಿನ್ನನ್ನ ಅಕ್ಕ ಅನ್ನುತ್ತೆ. ಆ ಬಿಳಿ ಮೀಸೆ ಕಾವಲುಗಾರನೂ ಅಕ್ಕ ಅಂತಾನೆ. ಇವನೊಬ್ಬ ಅನ್ನಲ್ಲ!"

"ಅದಕ್ಕೇನೀಗ?"

"ಏನಿಲ್ಲಮ್ಮ. ಮೂವತ್ತು ವರ್ಷ ಅದೇ ಕೆಲಸ ಮಾಡಿದವಳು ನಾನು. ಬರೋ ಗಾಡಿ ಸದ್ದು ನನಗೆ ದೂರದಿಂದಲೇ ಗೊತ್ತಾಗುತ್ತೆ."

ಅವಳು ಮುಖ ತೊಳೆಯುವ ನೆಪದಲ್ಲಿ ಒಳಗೆ ಓಡಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ಕೆನ್ನೆ ಎರಡೂ ಕೆಂಪು… ನೀರು ಹಾಕಿದಷ್ಟೂ ಕೆಂಪು!

*

ಹನ್ನೆರಡನೇ ವಾರ ಮೇಡಂ ಅವಳನ್ನು ಕೋಣೆಗೆ ಕರೆಸಿದರು. ಮೇಡಂ ಎಂದರೆ ಪರೀಕ್ಷಾಲಯದ ಮುಖ್ಯಸ್ಥೆ. ದಾಖಲೆ ಪುಸ್ತಕಗಳನ್ನು ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಓದುವುದು ಅವರ ರೂಢಿ. ಮೇಜಿನ ಮೇಲೆ ಬೀಳಿಸುವ ಮೇಜಿನ ಪುಸ್ತಕ ತೆರೆದಿತ್ತು.

"ನಿನ್ನ ತೂಕದ ಬಟ್ಟುಗಳನ್ನ ಒಂದು ಸಲ ಪರಿಶೀಲಿಸಬೇಕಮ್ಮ."

"ಯಾಕೆ ಮೇಡಂ?"

"ಒಂದು ಆಕ್ಷೇಪ ಬಂದಿದೆ. ಕೇಳು. 'ನನ್ನ ಮೇಜಿಗೆ ಬಂದ ಗಾಜಿನ ತುಂಡುಗಳು ಮೊದಲ ಮೇಜಿನಲ್ಲೇ ಬಲ ಕಳೆದುಕೊಂಡು ಬಂದಿವೆ. ಇವುಗಳ ಫಲಿತಾಂಶವನ್ನು ನಂಬಲಾಗದು…'"

ಮೊದಲ ಮೇಜು ಎಂದರೆ ಅವಳದೇ! ಒಂಬತ್ತು ವರ್ಷದಲ್ಲಿ ಒಂದು ಗೀರು ಹೆಚ್ಚು ಕಡಿಮೆ ಮಾಡದ ಕೈ…

"ಇದನ್ನ ಯಾವಾಗ ಬರೆದಿದ್ದು?"

"ಹನ್ನೊಂದು ದಿನ ಆಯ್ತು. ಇನ್ನೂ ಇದೆ, ಕೇಳು…"

"ಸಾಕು ಮೇಡಂ. ಮುಂದೆ ಓದಬೇಡಿ."

"ಪೂರ್ತಿ ಕೇಳೇ…"

"ಬೇಡ!"

ಮೇಡಂ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ನಿನ್ನಿಷ್ಟ. ಪರೀಕ್ಷೆ ಮುಗಿಯೋವರೆಗೂ ಹೆಚ್ಚು ಹೇಳೋ ಹಾಗೂ ಇಲ್ಲ ನಾನು."

ಬಟ್ಟುಗಳನ್ನು ತೂಗಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅರ್ಧ ದಿನದಲ್ಲಿ ಎಲ್ಲ ಮುಗಿಯಿತು, ಅವಳ ಮೇಲೆ ಯಾರೂ ಒಂದು ಮಾತು ಆಡಲಿಲ್ಲ. ಆದರೆ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು.

ಹನ್ನೊಂದು ದಿನ… ಹನ್ನೊಂದು ಊಟ! ಎದುರಿಗೆ ಕೂತು ಅಜ್ಜಿಯ ಕಥೆ, ಗುಂಡಿಯ ಕಥೆ. ಬೆನ್ನ ಹಿಂದೆ ಈ ಬರಹ!

ಮಧ್ಯಾಹ್ನ ಅವನು ಡಬ್ಬಿ ಹಿಡಿದು ಕಿಟಕಿಯ ಬಳಿ ಬಂದಾಗ ಅವಳು ನಿಂತೇ ಇದ್ದಳು.

"ಹನ್ನೊಂದು ದಿನ ನನ್ನ ಎದುರಿಗೆ ಕೂತು ಉಂಡಿರಲ್ಲ, ಗಂಟಲಲ್ಲಿ ಇಳೀತಾ?"

ಅವನ ಮುಖ ಬಿಳಿಚಿತು. "ಅದು… ಏನಂದ್ರೆ… ನೀವೇ…"

"ನಾನೇ ಏನು? ನಾನೇ ಒತ್ತಿ ಒತ್ತಿ ಗೀರಿದೆನಾ?"

"ಇಲ್ಲ ಇವರೇ… ಪರೀಕ್ಷೆ ಮುಗಿಯೋವರೆಗೂ ನಾನು…"

"ಮುಗೀತು. ನನ್ನ ಪಾಲಿಗೆ ಎಲ್ಲ ಮುಗೀತು!"

ಅವಳು ಹೋಗಿಬಿಟ್ಟಳು. ಅವನ ವಾಕ್ಯ ಅಲ್ಲೇ ಬೆಂಚಿನ ಮೇಲೆ ಅರ್ಧ ಉಳಿಯಿತು.

ಮಾರನೆಯ ದಿನ ಮೇಡಂ ಮತ್ತೆ ಕರೆದರು. "ಮುಂದಿನ ಶನಿವಾರಕ್ಕೆ ಇವನ ಅವಧಿ ಮುಗಿಯುತ್ತೆ. ಇಲ್ಲೇ ಉಳಿಸಿಕೊಳ್ಳೋಣ ಅಂತ ನನಗೆ ಆಸೆ. ಒಳ್ಳೆ ಕೆಲಸಗಾರ. ಎರಡು ಮೇಜಿಗೂ ಹೊಂದಬೇಕಲ್ಲ, ನೀನೇನಂತೀಯ?"

"ಬೇಡ," ಎಂದಳು.

"ಯೋಚಿಸಿ ಹೇಳು."

"ಯೋಚಿಸೇ ಹೇಳಿದೆ ಮೇಡಂ. ಬೇಡ."

ಆ ಸಂಜೆ ಅಮ್ಮನ ಮುಂದೆ ಎಲ್ಲವನ್ನೂ ಸುರಿದುಕೊಂಡಳು. ಅಮ್ಮ ಆ ದಿನ ಏನನ್ನೂ ಘೋಷಿಸಲಿಲ್ಲ. ಮಗಳ ತಲೆಗೂದಲಲ್ಲಿ ಬೆರಳಾಡಿಸುತ್ತಾ ಕೇಳಿದಳು:

"ಪೂರ್ತಿ ಓದಿದೆಯಾ ಅವನು ಬರೆದಿದ್ದನ್ನ?"

"ಓದೋದೇನಿದೆ ಅದರಲ್ಲಿ?"

"ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದಾಗ ಬರಲ್ಲ ಮಗಳೇ."

"ನೀನೂ ಅವರ ಕಡೆಯೇ!"

"ನಾನು ನಿನ್ನ ಮೂಗಿನ ಕಡೆ," ಎಂದಳು ಅಮ್ಮ.

*

ಕಂಪನಿಯಿಂದ ಹೊಸ ತುಂಡುಗಳು ಬಂದವು. ಮೇಡಂ ಮರುಪರೀಕ್ಷೆಗೆ ಹೇಳಿದರು. ಮರುಪರೀಕ್ಷೆ ಎಂದರೆ ಅಲ್ಲೊಂದು ಕ್ರಮವಿತ್ತು. ಯಾವ ಮೇಜಿನ ಮೇಲೆ ಪ್ರಶ್ನೆ ಎದ್ದಿದೆಯೋ ಆ ಮೇಜಿನವರು ಸಾಕ್ಷಿಯಾಗಿ ಎದುರಿಗೆ ಕೂರಬೇಕು, ಕೊನೆಗೆ ಇಡೀ ದಾಖಲೆ ಓದಿ ಸಹಿ ಹಾಕಬೇಕು.

ತಪ್ಪಿಸಿಕೊಳ್ಳುವಂತಿರಲಿಲ್ಲ. ಗುರುವಾರ ಬೆಳಗ್ಗೆ ಅವಳು ಮೊದಲ ಬಾರಿಗೆ ಬೀಳಿಸುವ ಕೋಣೆಗೆ ಹೋದಳು. ಎತ್ತರದ ಕಬ್ಬಿಣದ ಕಂಬ, ತುದಿಯಲ್ಲಿ ಇಕ್ಕಳದಂಥ ಹಿಡಿ, ಕೆಳಗೆ ಬೂದು ಬಣ್ಣದ ಕಲ್ಲುಹಾಸು. ಮೂಲೆಯಲ್ಲಿ ಅವಳಿಗಾಗಿ ಒಂದು ಕುರ್ಚಿ ಹಾಕಿತ್ತು. ಕುರ್ಚಿಯ ಧೂಳನ್ನು ಆಗತಾನೇ ಒರೆಸಿದ ಒದ್ದೆ ಗುರುತೂ ಇತ್ತು.

"ಬನ್ನಿ," ಎಂದ ಅವನು. ಅಷ್ಟೇ.

ಮೊದಲು ಹೊಸ ಗಾಜು. ಅವಳ ಮೇಜು ಕಾಣದ, ಒಂದೂ ಗೀರಿಲ್ಲದ ಗಾಜು.

ಸೊಂಟದೆತ್ತರ. ಟಣ್! ಏನೂ ಆಗಲಿಲ್ಲ.

ಎದೆಯೆತ್ತರ. ಟಣ್! ಪುಟಿದು ಪಕ್ಕಕ್ಕೆ ಉರುಳಿತು. ಏನೂ ಆಗಲಿಲ್ಲ.

ತಲೆಯೆತ್ತರ. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದರೆ, ಗಾಜು ನಗುತ್ತಾ ಬಿದ್ದಿತ್ತು!

ಆಮೇಲೆ ಅವಳು ಗೀರಿದ್ದ ಗಾಜು. ಅದೇ ಜಾತಿ, ಅದೇ ದಪ್ಪ. ಸೊಂಟದೆತ್ತರದಿಂದ ಬಿದ್ದದ್ದೇ, ಚಟ್! ಜೇಡರ ಬಲೆಯಂತೆ ಬಿರುಕು ಹರಡಿತು. ಇನ್ನೊಂದು. ಚಟ್! ಮತ್ತೊಂದು. ಚಟ್!

ಆಮೇಲೆ ಹರಳು. ಹೊಸ ಹರಳು ಸೊಂಟದೆತ್ತರ ತಾಳಿತು, ಎದೆಯೆತ್ತರಕ್ಕೆ ಒಡೆಯಿತು. ಅವಳ ಮೇಜಿನ ಮೇಲೆ ಮರಳಿನಲ್ಲಿ ಮಿಂದೂ ಒಂದು ಗೀರು ಬೀಳಿಸಿಕೊಳ್ಳದ ಹರಳು? ಅದೂ ಅಷ್ಟೇ. ಸೊಂಟಕ್ಕೆ ತಾಳಿತು, ಎದೆಗೆ ಒಡೆಯಿತು. ಅದಕ್ಕೆ ಹಳತು ಹೊಸತೆಂಬ ಭೇದವೇ ಇರಲಿಲ್ಲ.

ಅವನು ಭೂತಗನ್ನಡಿಯನ್ನು ಅವಳತ್ತ ಸರಿಸಿದ.

ಅವಳು ಒಡೆದ ಗಾಜನ್ನು ನೋಡಿದಳು. ಬಿರುಕುಗಳೆಲ್ಲ ಒಂದೇ ಜಾಗದಿಂದ ಹೊರಟಿದ್ದವು. ಅವಳೇ ಎಳೆದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೀರಿನಿಂದ! ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ.

ಅವಳ ಕೈ ತಪ್ಪಿರಲಿಲ್ಲ. ಸರಿಯಾದ ಭಾರದ ಸರಿಯಾದ ಗೀರೇ ಗಾಜಿನ ಬಲವನ್ನು ಅರ್ಧಕ್ಕಿಳಿಸಿತ್ತು. ಇಬ್ಬರೂ ಬೇರೆ ಬೇರೆ ತುಂಡುಗಳ ಮೇಲೆ ಕೆಲಸ ಮಾಡಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಗೀರಿಗೆ ಹರಳು ಗೆದ್ದಿತು, ಬೀಳುವುದಕ್ಕೆ ಗಾಜು ಗೆದ್ದಿತು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಜನರ ಮುಂಗೈಯಲ್ಲಿ ಗಡಿಯಾರ ಹೇಗಿರುತ್ತದೆ? ಮೊದಲು ಗೀರಿಸಿಕೊಳ್ಳುತ್ತದೆ, ಆಮೇಲೊಂದು ದಿನ ಬೀಳುತ್ತದೆ!

"ಓದಿ ಸಹಿ ಹಾಕಿ," ಎಂದು ಅವನು ದಾಖಲೆ ಪುಸ್ತಕವನ್ನು ಮುಂದಿಟ್ಟು, ಕಂಬದ ತಿರುಪು ಬಿಗಿ ಮಾಡುವವನಂತೆ ಬೆನ್ನು ತಿರುಗಿಸಿದ.

ಅಂದು ಅವಳು ಕೇಳಲೊಲ್ಲದ ಸಾಲುಗಳು ಅಲ್ಲಿದ್ದವು.

'…ಇದು ಮೊದಲ ಮೇಜಿನ ದೋಷವಲ್ಲ. ಅಲ್ಲಿಯ ಗೀರುಗಳು ಒಂದರಂತೆ ಒಂದು, ಒಂದೇ ಆಳ. ಇಷ್ಟು ಕರಾರುವಾಕ್ಕಾದ ಕೈಯನ್ನು ನಾನು ನೋಡಿಲ್ಲ. ಹಾಗಿದ್ದುದರಿಂದಲೇ ಈ ವಿಷಯ ಹೊಳೆಯಿತು. ಹೊಸ ತುಂಡುಗಳು ಬೇಕು. ಮೊದಲ ಮೇಜಿನವರಿಗೆ ಇದನ್ನು ನಾನೇ ಹೇಳಲು ಅನುಮತಿ ಬೇಕು.'

ಪುಟ ತಿರುಗಿಸಿದಳು. ಮರುದಿನದ ಫಲಿತಾಂಶಗಳು. ಕೊನೆಯಲ್ಲಿ, 'ಮೊದಲ ಮೇಜಿನವರೊಂದಿಗೆ ಮಾತಾಡಲು ಅನುಮತಿ ಬೇಕು.'

ಮತ್ತೊಂದು ಪುಟ. 'ಅನುಮತಿ ಬೇಕು.'

ಮತ್ತೊಂದು. ಮತ್ತೊಂದು… ಮೇಡಂ ಓದುವುದು ಹದಿನೈದು ದಿನಕ್ಕೊಮ್ಮೆ ಎಂದು ಅವನಿಗೂ ಗೊತ್ತಿತ್ತು. ಆದರೂ ಹನ್ನೊಂದು ದಿನ, ಹನ್ನೊಂದು ಸಲ, ಒಂದೇ ಸಾಲು! ಕೊನೆಯ ಪುಟದಲ್ಲಿ ಅಕ್ಷರ ಸ್ವಲ್ಪ ಓರೆಯಾಗಿತ್ತು. 'ದಯವಿಟ್ಟು ಅನುಮತಿ ಬೇಕು. ಅವರ ಎದುರು ಊಟಕ್ಕೆ ಕೂರುವುದು ಕಷ್ಟವಾಗುತ್ತಿದೆ.'

ಅಕ್ಷರಗಳು ಕಲಸಿಹೋದವು. ಸಹಿ ಹಾಕಿದ್ದು ಎಲ್ಲಿ ಎಂದು ಅವಳಿಗೆ ತಿಳಿಯಲಿಲ್ಲ. ಎದ್ದು ಹೊರಗೆ ಓಡಿದಳು.

*

"ಮೇಡಂ! ಅವತ್ತು ನಾನು ಬೇಡ ಅಂದೆನಲ್ಲ, ಅದನ್ನ ವಾಪಸ್ ತಗೋತೀನಿ."

"ತಗೊಂಡು ಎಲ್ಲಿ ಇಟ್ಕೋತೀಯಮ್ಮ? ನಿನ್ನೆ ಪತ್ರ ಹೋಯ್ತು. ಶನಿವಾರ ಅವನು ಹೊರಡ್ತಾನೆ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮೂಗು ಕೊಯ್ದುಕೊಂಡಾಗಿತ್ತು!

"ಏನೂ ಮಾಡೋಕಾಗಲ್ವಾ?"

"ಕೆಲಸದ ಕಾರಣ ಇದ್ದರೆ ವರದೀಲಿ ಬರಿ. ಮೇಲಿನವರು ಒಪ್ಪಿದರೆ ಮತ್ತೆ ಕರೆಸಿಕೊಳ್ಳಬಹುದು. ಒಂದು ತಿಂಗಳಾದರೂ ಹಿಡಿಯುತ್ತೆ. ಇದೆಯಾ ಕಾರಣ?"

"ಇದೆ ಮೇಡಂ. ಇನ್ಮೇಲೆ ಗೀರೋದು, ಬೀಳಿಸೋದು ಬೇರೆ ಬೇರೆ ಮಾಡಬಾರದು. ಗೀರಿದ ಮೇಲೆ ಬೀಳಿಸೋದನ್ನೇ ಒಂದು ಪರೀಕ್ಷೆ ಮಾಡಬೇಕು. ಒಂದೇ ಕೋಣೇಲಿ, ಎರಡು ಮೇಜು ಜೊತೇಲಿ. ಇದನ್ನ ಮೊದಲು ಕಂಡವರು ಅವರೇ. ಅವರಿಲ್ಲದೆ ಆಗಲ್ಲ."

ಮೇಡಂ ಕನ್ನಡಕ ತೆಗೆದರು. "ಕಾರಣ ಬರೀ ಕೆಲಸದ್ದೇ ತಾನೆ?"

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಅರ್ಧ," ಎಂದಳು ತಲೆ ತಗ್ಗಿಸಿ.

"ಆ ಅರ್ಧಾನ ವರದಿಗೆ ಹಾಕು. ಇನ್ನರ್ಧಾನ ಯಾರಿಗೆ ಹೇಳಬೇಕೋ ಅವರಿಗೆ ಹೇಳು. ನನ್ನ ಮುಂದೆ ನಿಂತು ಯಾಕೆ ಹೊತ್ತು ಕಳೀತೀಯ, ಹೋಗು!"

*

ವರದಿ ಬರೆಯಲು ಶುಕ್ರವಾರ ಮಧ್ಯಾಹ್ನದವರೆಗೆ ಹಿಡಿಯಿತು. ಮರಳು, ಮಣ್ಣು, ಸಿಮೆಂಟಿನಲ್ಲಿ ಕೈಯಾಡಿಸುವವರಿಗೆ ಹರಳು ಲೇಸು. ಮೇಲಿನಿಂದ ಬೀಳುವ, ಬಡಿದುಕೊಳ್ಳುವ ಭಯವಿದ್ದವರಿಗೆ ಗಾಜು ಲೇಸು, ಆದರೆ ಗೀರು ಕಂಡ ಕೂಡಲೇ ಬದಲಾಯಿಸಬೇಕು. ಎರಡರಲ್ಲಿ ಒಂದೇ ಮೇಲು ಎಂದು ಹೇಳಲಾಗದು. ಕೊನೆಯಲ್ಲಿ ಶಿಫಾರಸು.

ಹಾಳೆಗಳನ್ನು ಎದೆಗೊತ್ತಿಕೊಂಡು ಅವಳು ಬೀಳಿಸುವ ಕೋಣೆಯ ಬಾಗಿಲಿಗೆ ಬಂದಳು. ಅವನು ತನ್ನ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಒಂದು ಗಾಜಿನ ಲೋಟ, ಒಂದು ಹಳೆಯ ಸ್ವೆಟರ್, ಎರಡು ತಿರುಪುಳಿ.

"ನಿಮ್ಮ ಸಹಿ ಬೇಕು," ಎಂದಳು.

ಅವನು ನಿಂತಲ್ಲೇ ಓದಿದ. ಅವನ ಓದೂ ಮಾತಿನಷ್ಟೇ ನಿಧಾನ. ಅವಳು ಉಗುರು ಕಚ್ಚುತ್ತಾ ನಿಂತಳು. ಶಿಫಾರಸಿಗೆ ಬಂದಾಗ ಅವನ ಹುಬ್ಬು ಮೇಲೇರಿತು.

"ನನ್ನನ್ನ ಮತ್ತೆ ಕರೆಸಬೇಕು ಅಂತ ಬರೆದಿದ್ದೀರ…"

"ಹೌದು."

"ಬೇಡ ಅಂದಿದ್ದೂ ನೀವೇ ಅಲ್ವಾ?"

"ಗೊತ್ತಿತ್ತಾ ನಿಮಗೆ?"

"ಮೇಡಂ ಹೇಳಿದರು."

"ಗೊತ್ತಿದ್ದೂ ನನಗೆ ಅಂತ ಕುರ್ಚಿ ಒರೆಸಿ ಇಟ್ಟಿದ್ರಾ!"

"ಧೂಳಿತ್ತು," ಎಂದ ಅವನು.

ಅಷ್ಟು ಸಾಕಾಯಿತು. ಅವಳ ಕಣ್ಣಿಂದ ದಳದಳನೆ ನೀರಿಳಿಯಿತು.

"ಬೈಯಿರಿ ನನ್ನನ್ನ! ಬಾಯಿ ಮುಚ್ಚಿ ಅಂತ ನಿಮಗೆ ನಿಯಮ ಹೇಳಿಕೊಟ್ಟವಳು ನಾನೇ. ನೀವದನ್ನ ಪಾಲಿಸಿದ್ದಕ್ಕೆ ಸಿಡುಕಿದವಳೂ ನಾನೇ. ಮೇಡಂ ಓದಕ್ಕೆ ಬಂದರೆ ಬೇಡ ಅಂದೆ, ನೀವು ಹೇಳಕ್ಕೆ ಬಂದರೆ ಎದ್ದು ಹೋದೆ. ಎಲ್ಲದರಲ್ಲೂ ಅರ್ಧ ಕೇಳಿ ಅರ್ಧ ನಾನೇ ಸೇರಿಸ್ಕೊಂಡೆ… ತಪ್ಪಾಯ್ತು ಕಣ್ರೀ. ನಿಮಗೆ ಕೋಪ ಬರಲಿಲ್ವಾ?"

"ಬಂತು."

"ಎಷ್ಟು?"

"ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹಸಿವಾಯ್ತು, ಉಂಡೆ. ಆದರೆ ಆ ಬೆಂಚಲ್ಲಿ ಒಬ್ಬನೇ ಕೂತರೆ… ನನ್ನ ಮಾತು ತಪ್ಪಾಗಿ ಮುಗಿಸೋರೂ ಇಲ್ಲ ಅನ್ನಿಸ್ತು."

ಅವಳು ಅಳುತ್ತಲೇ ನಕ್ಕಳು. ಸೆರಗಿನ ತುದಿಯಲ್ಲಿ ಮೂಗೊರೆಸಿಕೊಂಡು, ನೆಟ್ಟಗೆ ನಿಂತಳು. ಇನ್ನರ್ಧ ಹೇಳುವುದಿತ್ತಲ್ಲ! ಈಗ ಹೇಳದಿದ್ದರೆ ಇನ್ಯಾವಾಗ?

"ಕಾಗದದ ಮೇಲೆ ಇರೋದು ಕೆಲಸದ ಕಾರಣ. ನನ್ನದು ಇನ್ನೊಂದಿದೆ. ನೀವು ಹೋಗೋದು ನನಗೆ ಬೇಡ. ನಿಮ್ಮನ್ನ ಕಂಡರೆ ನನಗೆ ಇಷ್ಟ. ತುಂಬಾ ಇಷ್ಟ! ಅಲ್ಲಿಂದ ಬರೋಕೆ ಒಂದು ತಿಂಗಳಾದರೂ ಸರಿ, ಮೂರು ತಿಂಗಳಾದರೂ ಸರಿ, ನಾನು ಕಾಯ್ತೀನಿ. ಬರಲೇ ಇಲ್ಲ ಅಂದರೆ ನಾನೇ ಅಲ್ಲಿಗೆ ಬರ್ತೀನಿ!"

ಅವನ ಕೈಯಲ್ಲಿದ್ದ ಲೋಟ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಚೂರಾಯಿತು. ದಿನಕ್ಕೆ ಇನ್ನೂರು ಸಲ ಬೀಳಿಸಿ ಬರೆದಿಡುವವನು, ಇದನ್ನು ಗಮನಿಸಲೂ ಇಲ್ಲ.

"ಏನಾದರೂ ಹೇಳಿ…" ಎಂದಳು ಮೆಲ್ಲಗೆ.

"ಅದು… ಏನಂದ್ರೆ…"

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ತಡೆದುಕೊಂಡಳು. ಅಂದು ಅವನು ಒರೆಸಿಟ್ಟಿದ್ದ ಕುರ್ಚಿಯಲ್ಲಿ ಕೂತಳು, ಕೈ ಕಟ್ಟಿಕೊಂಡಳು.

"ಮೊದಲ ದಿನ ನೀವು ನಿಲ್ಲಿ ಅಂದಿರಲ್ಲ… ಅವತ್ತೇ ನಾನು…" ಅವನು ನಿಂತ. ಹೊರಗೆ ಓಣಿಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ಅವಳು ಕಾದಳು. "ನಮ್ಮಮ್ಮ ಫೋನ್ ಮಾಡಿದಾಗೆಲ್ಲ ಕೇಳ್ತಾರೆ, ಊಟ ಆಯ್ತಾ ಅಂತ. ನಾನು ಊಟದ ಕಥೆ ಹೇಳ್ತೀನಿ. ಊಟದ ಕಥೆ ಅಂದರೆ… ನಿಮ್ಮ ಕಥೆ. ಎರಡು ತಿಂಗಳಿಂದ ಅಮ್ಮನಿಗೆ ನಿಮ್ಮ ಕಥೆ ಬಿಟ್ಟು ಬೇರೆ ಏನೂ ಹೇಳಿಲ್ಲ. ಅಮ್ಮ ಮೊನ್ನೆ ಕೇಳಿದರು, ಯಾವಾಗ ಕರ್ಕೊಂಡು ಬರ್ತೀಯಪ್ಪ ಅಂತ. ನಾನು… ಕೇಳಿ ಹೇಳ್ತೀನಿ ಅಂದೆ."

ಅವಳ ಕೆನ್ನೆ ಉರಿಯುತ್ತಿತ್ತು. ಎದೆಯೊಳಗೆ ನೂರು ಉತ್ತರಗಳು ಒಮ್ಮೆಗೇ ನುಗ್ಗಿ ಬಂದವು. ತುಟಿ ಕಚ್ಚಿ ತಡೆದಳು.

ಅವನು ಅವಳ ಎದುರು ಮಂಡಿಯೂರಿ ಕೂತ. ಮುಖ ನೋಡಿದ.

"ಯಾಕೆ, ಇವತ್ತು ಮಧ್ಯೆ ಬಾಯಿ ಹಾಕಲ್ವಾ?"

"ಇಲ್ಲ."

"ನನ್ನ ಮಾತು ಮುಗಿದಿಲ್ಲ. ಇನ್ನೂ… ತುಂಬಾ ಇದೆ."

ಅವಳು ಅವನ ಕೈ ಹಿಡಿದುಕೊಂಡಳು.

"ಹೇಳಿ. ನನಗೇನೂ ಅವಸರ ಇಲ್ಲ."